ತಟ್ಟೆಗೆ ಸಣ್ಣ ಚರೆ, ಕಳ್ಳನಿಗೆ ದಪ್ಪದ್ದು

ಒಮಾನಿನ ಸಹಮ್‌ನಲ್ಲಿ ನನಗೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಕಫೀಲ್, ನಾನು ಅರ್ಬಾಬ್ ಎಂದು ಕರೆಯುತ್ತಿದ್ದ ಮುದುಕರಲ್ಲಿ ಒಂದು ಜೋಡುನಳಿಗೆ ಕೋವಿಯಿತ್ತು. ಗುರಿಯಾಟದಲ್ಲಿ ಹಾರುವ ಮಣ್ಣಿನ ತಟ್ಟೆಗೆ ಸಣ್ಣ ಚರೆಯ, ಅಂದರೆ ಸೀಸದ ಕಾಳಿನ, ತೋಟಾ, ಮನೆಗೆ ಕಳ್ಳ ಬಂದರೆ ದಪ್ಪ ಚರೆಯದ್ದು ಎಂದು ಎರಡು ಡಬ್ಬಿ ಇಟ್ಟಿದ್ದರು. ಕಳ್ಳ ಎಂದೂ ಬರಲಿಲ್ಲ.

ಶುಕ್ರವಾರ ಬಯಲಿನಲ್ಲಿ ಸ್ಪ್ರಿಂಗ್ ಯಂತ್ರದಿಂದ ತಟ್ಟೆ ಹಾರಿಸುವ ಕೆಲಸ ನನ್ನದು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾದ ಮೇಲೆ ಒಂದೂ ತಾಗುತ್ತಿರಲಿಲ್ಲ. ಆ ದಿನಗಳಲ್ಲಿ ಅವರು ಊಟವನ್ನೇ ಮುಟ್ಟುವುದಿಲ್ಲವೆಂದು ಅವರ ಹೆಂಡತಿ ನನ್ನ ಹೆಂಡತಿಯಲ್ಲಿ ಹೇಳಿಕೊಂಡು ಅತ್ತರಂತೆ. ಮರುವಾರ ನಾನು ತಟ್ಟೆಗಳನ್ನು ಮೊದಲೇ ಅರದಿಂದ ಗೀರಿ ಒಯ್ದೆ. ಹಾರಿದ ರಭಸಕ್ಕೇ ಅವು ಗಾಳಿಯಲ್ಲಿ ಹೋಳಾದವು.

“ತಾಗಿತು, ಅರ್ಬಾಬ್,” ಎಂದೆ, ಐದು ಸಲ.

ಆರನೆಯ ಸಲ ಅವರು ಕೋವಿ ಎತ್ತಿದರು, ಹಾರಿಸಲಿಲ್ಲ. ತಟ್ಟೆ ಒಡೆಯಿತು. ಅಭ್ಯಾಸದಂತೆ ನಾನು ತಾಗಿತು ಎಂದೆ.

“ಭಾಯಿ, ಇದಕ್ಕೆ ನಾನು ತೋಟಾ ತುಂಬಿಯೇ ಇರಲಿಲ್ಲ.”

ನನ್ನ ಕೆಲಸ ಖಲಾಸ್ ಎಂದುಕೊಂಡೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. “ಮನೆಗೆ ಕಳ್ಳ ಬಂದರೂ ನೀನೇ ಅವನನ್ನು ಬೀಳಿಸಿಟ್ಟು ನನ್ನನ್ನು ಕರೆ.”

ಅವರ ಮನೆಯಲ್ಲಿ ನಾವಿಬ್ಬರೂ ಊಟಕ್ಕೆ ಕೂತಾಗ ಪರದೆಯ ಹಿಂದಿನಿಂದ ಅವರ ಹೆಂಡತಿ, ಎಷ್ಟು ತಾಗಿತು ಎಂದು ಕೇಳಿದರು. “ಆರಕ್ಕೆ ಆರು,” ಎಂದವರೇ ಅರ್ಬಾಬ್ ಅನ್ನಕ್ಕೆ ಕೈಹಾಕಿದರು. ತೋಟಾ ಇಲ್ಲದೆ ಹೊಡೆದದ್ದನ್ನೂ ಸೇರಿಸಿಕೊಂಡರಲ್ಲ ಎಂಬುದೊಂದೇ ನನ್ನ ಆಕ್ಷೇಪ.