ಖಾದರ್ ಚಾಚಾನ ಕಾಲಿನ ರಾಡು

ಮೊನ್ನೆ ಕೇಶ್ವಾಪುರದ ಔಷಧಿ ಅಂಗಡಿಯಲ್ಲಿ ಯಾರೋ ಸ್ಪಿರಿಟ್ ಕೊಳ್ಳುತ್ತಿದ್ದರು. ಬಾಟಲಿಯ ಮುಚ್ಚಳ ಸಡಿಲವಿತ್ತೇನೋ, ಘಾಟು ಮೂಗಿಗೆ ಬಡಿಯಿತು. ನಿಮಗೆ ಆ ವಾಸನೆಯಿಂದ ಆಸ್ಪತ್ರೆ ನೆನಪಾಗಬಹುದು. ನನಗೆ ನೆನಪಾಗುವುದು ನಮ್ಮ ಹಳೆಯ ಓಣಿಯ ಖಾದರ್ ಚಾಚಾನ ಪಡಸಾಲೆ.

ಚಾಚಾ ಸ್ಕೂಟರ್ ರಿಪೇರಿ ಮಾಡುತ್ತಿದ್ದರು. ಅಪಘಾತದಲ್ಲಿ ಕಾಲು ಮುರಿದು, ಒಳಗೆ ಸ್ಟೀಲಿನ ರಾಡು ಹಾಕಿಸಿಕೊಂಡರು. ಗಾಯ ಮಾತ್ರ ಮಾಯಲಿಲ್ಲ. ಒಣಗಿತೆನ್ನುವಷ್ಟರಲ್ಲಿ ಮತ್ತೆ ಕೀವು. ಹೆಂಡತಿ ಜುಬೇದಾ ಚಾಚಿ ದಿನವೂ ಪಡಸಾಲೆಯಲ್ಲಿ ಸ್ಪಿರಿಟ್ ಹಚ್ಚಿ ಗಾಯ ತೊಳೆದು ಗುಳಿಗೆ ನುಂಗಿಸುತ್ತಿದ್ದರು.

"ಈಕಿ ಗುಳಿಗಿ ತಪ್ಪಿಸ್ತಾಳ. ಇಲ್ಲಾಂದ್ರ ಯಾವಾಗೋ ಮಾಯತಿತ್ತು," ಎಂದು ಚಾಚಿಯ ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದರು. ಚಾಚಾ ಅಲ್ಲಗಳೆದರೆ, "ಹೆಂಡ್ತಿನ್ನ ಕಾಯಾಕತ್ತಾನ," ಎನ್ನುವರು. ಚಾಚಿ ಮರುದಿನದ ಗುಳಿಗೆ ಎಣಿಸಿ ಇಡುತ್ತಿದ್ದರು.

ಧಾರವಾಡದ ಪ್ರಯೋಗಾಲಯವೊಂದರಲ್ಲಿ ನನಗೆ ಕೆಲಸ. ನಮ್ಮವ್ವ "ನಮ್ಮಾಕಿ ಹುಳಾ ತೂಗ್ತಾಳ್ರಿ" ಎಂದು ಓಣಿಗೆಲ್ಲ ಸಾರಿದ್ದಳು. ತಿದ್ದುವಷ್ಟು ದೊಡ್ಡ ತಪ್ಪೇನೂ ಅಲ್ಲ. ಬ್ಯಾಕ್ಟೀರಿಯಾ ಕುಳಿತ ಮೇಲ್ಮೈಗೆ ಸೂಕ್ಷ್ಮ ಕಿರಣ ಬಿಟ್ಟರೆ ಅಣುಗಳು ಚಿಮ್ಮುತ್ತವೆ. ಯಂತ್ರ ಅವನ್ನು ತೂಗಿ, ಯಾವುದು ಎಲ್ಲಿತ್ತೆಂದು ಬಣ್ಣದ ಚಿತ್ರ ಬಿಡಿಸುತ್ತದೆ.

ರಾಡು ತೆಗೆಯುವುದೆಂದಾದಾಗ ಅದರ ತುಂಡೊಂದನ್ನು ಪರೀಕ್ಷೆಗೆ ಕೇಳಿದೆ. ಡಾಕ್ಟರು ಒಪ್ಪಿದರು. ಚಾಚಾ ನಕ್ಕರು: "ಜಲ್ಮಾ ಪೂರ್ತಿ ಮಂದಿ ಗಾಡಿ ಬಿಚ್ಚೇನಿ. ಈಗ ನನ್ನ ಸ್ಪೇರ್‌ಪಾರ್ಟ್ ನೀ ನೋಡು ತಂಗಿ."

ರಾಡು ತೆಗೆದರು, ಆದರೆ ಅಷ್ಟರೊಳಗೆ ನಂಜು ರಕ್ತಕ್ಕೇರಿತ್ತು. ಚಾಚಾ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಚಿತ್ರ ಸಿದ್ಧವಾದದ್ದು ಆಮೇಲೆ.

ಅದನ್ನು ಹಿಡಿದು ಹೋದಾಗ ಚಾಚಿ ಗೋಡೆಗೊರಗಿ ಕೂತಿದ್ದರು. "ಖರೇ ಹೇಳು, ನಾ ಎಲ್ಲಿ ತಪ್ಪಿದೆ?"

"ಈ ಕೆಂಪು ಬ್ಯಾಕ್ಟೀರಿಯಾ, ಚಾಚಿ. ಲೋಳಿ ಹೊದ್ಕೊಂಡು ರಾಡಿಗೆ ಅಂಟಿ ಕುಂತಾವು. ಈ ನೀಲಿ ನೀವು ನುಂಗಿಸಿದ ಔಷಧ. ಅಲ್ಲಿತನಕಾ ಮುಟ್ಟೇತಿ. ಲೋಳಿ ದಾಟಾಕ ಆಗಿಲ್ಲ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು: "ಅಂದ್ರ, ಗುಳಿಗಿ ಕೊಟ್ಟಾಳ?"

"ಕೊಟ್ಟಾರ್ರಿ ಅಜ್ಜಿ. ಕೊಡದಿದ್ರ ಈ ನೀಲಿ ಇರ್ತಿದ್ದಿಲ್ಲ."

ಮುದುಕಿ ಹತ್ತಿರ ಬಂದು ಆ ನೀಲಿಯ ಮೇಲೆ ಬೆರಳಿಟ್ಟರು. ಆಮೇಲೆ ಒಳಗೆ ಹೋಗಿ ಚಹಾ ಮಾಡಿ ತಂದು, ಮೊದಲ ಕಪ್ಪನ್ನು ಸೊಸೆಯ ಮುಂದಿಟ್ಟರು. "ಕುಡಿ. ಮುಂಜಾನಿಂದ ಏನೂ ತಿಂದಿಲ್ಲ ನೀ."

ಚಾಚಾನನ್ನು ಮಣ್ಣು ಮಾಡಿದ ದಿನವೂ ಅಳದಿದ್ದ ಚಾಚಿ ಆಗ ದನಿ ತೆಗೆದು ಅತ್ತರು.

ಈಗಲೂ ನನ್ನ ಮೇಜಿಗೆ ಮಾದರಿಗಳು ಬರುತ್ತವೆ, ಬರೀ ಸಂಖ್ಯೆ ಹೊತ್ತು. ಯಾರದೆಂದು ಕೇಳುವಂತಿಲ್ಲ. ಆದರೂ ಯಂತ್ರದ ಬಾಗಿಲು ಮುಚ್ಚುವ ಮುನ್ನ ಒಂದು ಕ್ಷಣ ತಡೆಯುತ್ತೇನೆ. ಎಲ್ಲೋ ಒಂದು ಮನೆಯಲ್ಲಿ ಯಾರೋ ಉತ್ತರಕ್ಕೆ ಕಾದು ಕೂತಿರುತ್ತಾರೆ.