ಬೈಟು ಕಾಫಿಯ ಎರಡನೇ ಲೋಟ

ಆ ಹುಡುಗಿಯ ಚೂಡಿದಾರ ಹಸಿರೋ ನೀಲಿಯೋ, ಈಗ ನನ್ನ ನೆನಪನ್ನು ನಂಬಲಾರೆ. ಆದರೆ ಅವಳ ಲ್ಯಾಪ್‌ಟಾಪ್ ಪಕ್ಕದಲ್ಲಿ ಎರಡು ಲೋಟಗಳಿದ್ದದ್ದು ನಿಜ.

ಬಸವನಗುಡಿಯಲ್ಲಿದ್ದ ನನ್ನ ಸೋದರಮಾವನ ಕಾಫಿ ಅಂಗಡಿಗೆ ಆಗಷ್ಟೇ ಉಚಿತ ವೈಫೈ ಬಂದಿತ್ತು. ಲೋಟ ಖಾಲಿಯಾದರೆ ಟೇಬಲ್ ಬಿಡಬೇಕು ಎಂಬುದು ಮಾವನ ನಿಯಮ.

“ನೋಡೇ, ಒಬ್ಳೇ ಬಂದು ಬೈಟು ತಗೊಂಡಿದಾಳೆ. ಒಂದು ಲೋಟ ಮುಟ್ಟೇ ಇಲ್ಲ. ಜಾಗ ಹಿಡ್ಕೊಳ್ಳೋಕೆ ಹೊಸ ಪ್ಲಾನು!” ಎಂದು ಮಾವ ನನ್ನ ಕಿವಿಯಲ್ಲಿ ಹೇಳಿದರು. ಬಾಗಿಲಲ್ಲಿ ಜನ ಕಾಯುತ್ತಿದ್ದರು. ಮಾವ ಗಲ್ಲಾದ ಕೆಳಗೆ ಬಗ್ಗಿ ಎದ್ದರು. ಹುಡುಗಿ ಬೆಚ್ಚಿ ತಲೆಯೆತ್ತಿದಳು.

“ಅಂಕಲ್, ನೆಟ್ ಹೋಯ್ತು! ಕೆಲಸದ ಅರ್ಜಿ ಕಳಿಸ್ತಿದ್ದೆ, ಇವತ್ತೇ ಕೊನೇ ದಿನ.”

“ಲೈನ್ ಪ್ರಾಬ್ಲಮ್ಮು ಕಣಮ್ಮ. ಇಡೀ ಬಸವನಗುಡೀಲೇ ಇಲ್ಲ.”

ಅವಳು ಮಾವನನ್ನೇ ದಿಟ್ಟಿಸಿದಳು. ಆಮೇಲೆ ತಣ್ಣಗಾಗಿದ್ದ ಎರಡನೇ ಲೋಟದ ಕಾಫಿಯನ್ನು ಒಂದೇ ಉಸಿರಿಗೆ ಕುಡಿದು, ಖಾಲಿ ಲೋಟವನ್ನು ಗಲ್ಲಾದ ಮೇಲೆ ತಂದಿಟ್ಟು ಹೊರಟುಹೋದಳು.

ವೈಫೈ ಪೆಟ್ಟಿಗೆ ಇದ್ದದ್ದು ಗಲ್ಲಾದ ಕೆಳಗೇ. ಮಾವ ಬಗ್ಗಿದ್ದು ಬಿದ್ದ ಪೆನ್ನಿಗೂ ಇರಬಹುದು. ಈಚೆಗೆ ಕೇಳಿಯೇಬಿಟ್ಟೆ: “ಮಾವ, ಅವತ್ತು ಸ್ವಿಚ್ ಆರಿಸಿದ್ದು ನೀವೇನಾ?” ಮಾವ ಅಡುಗೆಮನೆ ಕಡೆ ತಿರುಗಿ, “ಇವಳಿಗೊಂದು ಕಾಫಿ ಕೊಡ್ರೇ,” ಎಂದರು.