ಪಾಲುದಾರ ಅಂತ ಬರದು ಕೆಟ್ಟೆ

ಯುರೋಪಿನ ದೇಶಗಳು ತಮ್ಮ ತಮ್ಮ ಅರಣ್ಯ ನೀತಿ ಹ್ಯಾಂಗ ಕಟ್ಟಿದವು ಅನ್ನೋ ಪುಸ್ತಕ ಒಂದನ್ನ ಕನ್ನಡಕ್ಕ ತಂದಾಂವ ನಾನು. ಕಲಬುರಗಿಯ ಜೇವರ್ಗಿ ಕಾಲೋನಿಯೊಳಗ ಫ್ಯಾನಿನ ಕೆಳಗ ಕೂತು ಅನುವಾದ ಮಾಡಿದೆ. ರಿಟೈರ್ ಆದ ಇಂಗ್ಲಿಷ್ ಮಾಸ್ತರ, ಸೊಕ್ಕಿಗೇನು ಕಡಿಮಿ ಇರಲಿಲ್ಲ.

ಪುಸ್ತಕದ ಸಾರ ಇಷ್ಟ: ಅಡವಿ ಯೋಜನಾ ಸಾಹೇಬರಷ್ಟ ಕೂತು ಬರೀಬಾರದು, ಕಟ್ಟಿಗಿ ಮಾರಾಂವ, ಅಣಬಿ ಆರಿಸಾಕಿ ಎಲ್ಲಾರನೂ ಕೂಡಿಸಿ ಕೇಳಬೇಕು. ಕಮಲಾಪುರದ ಕಡೆ ಒಂದು ಕುರುಚಲು ಗುಡ್ಡಕ್ಕ ಹಂಗ ಮಾಡಿ ನೋಡೋಣು ಅಂತ ಅರಣ್ಯ ಅಧಿಕಾರಿಯೊಬ್ಬರಿಗೆ ಆಸೆ ಹುಟ್ಟಿತ್ತು. ಅಲ್ಲಿ ಬೇಲಿ ಹಾಕೋದು ಮೊದಲೇ ತೀರ್ಮಾನ ಆಗಿತ್ತು. ಬೇಲಿ ಬಿದ್ರ ಗುಡ್ಡದ ಸೀತಾಫಲ ಆರಿಸಿ ಕಲಬುರಗಿಗೆ ತಂದು ಮಾರೋ ಹೆಣ್ಣುಮಕ್ಕಳ ದಾರಿ ಬಂದ್. ಊರವರು ಕೂಡಿ ಹೇಳಿದ್ರ ನಕಾಶೆದಾಗ ಬೇಲಿ ಗೆರಿ ಬದಲಿ ಮಾಡ್ತೀನಿ, ಸಭಾ ಕೆಟ್ರ ನನ್ನ ಕೈಯಾಗ ಏನೂ ಇಲ್ಲ ಅಂತ ಅವರು ನನಗ ಮೊದಲೇ ಹೇಳಿದ್ರು.

ಸಭಾದಾಗ ಓದಾಕ ಪುಸ್ತಕದ ಮಾತು ಕನ್ನಡದಾಗ ಬರಕೊಂಡು ಬರ್ರಿ ಅಂತ ಅವರೇ ಕರದಿದ್ರು. ಊರ ಗುಡಿ ಮುಂದಿನ ಕಟ್ಟಿಮ್ಯಾಲೆ ನಿಂತು ನಾನು ಓದಿದೆ: "ನೀವೆಲ್ಲಾರೂ ಈ ಕಾಡಿನ ಪಾಲುದಾರರು."

ಪುಸ್ತಕದಾಗಿನ 'ಸ್ಟೇಕ್‌ಹೋಲ್ಡರ್' ಅನ್ನೋದಕ್ಕ ನಾನು ಹಾಕಿದ ಪದ ಅದು. ಮುಗೀತು. ನಮ್ಮ ಕಡೆ ಪಾಲು ಅಂದ್ರ ಹೊಲ ಪಾಲಿಗೆ ಹಾಕೋದು, ಬೆಳಿ ಅರ್ಧಾಅರ್ಧಾ. ಹುಟ್ಟಿದಾಗಿಂದ ಕೇಳಿದ ಮಾತು, ನನಗ ಹೊಳೀಲಿಲ್ಲ ನೋಡ್ರಿ! ಒಬ್ಬಾಂವ ಎಷ್ಟಕ್ಕ ಪಾಲು ಅಂತ ಕೇಳಿದ. ಇನ್ನೊಬ್ಬಾಂವ ಕೆರಿ ಬಾಜೂದ್ದು ನಂದು ಅಂದ. ದನಾ ಇದ್ದವರು ಒಂದು ಕಡೆ, ಇಲ್ಲದವರು ಒಂದು ಕಡೆ ಆಗಿ ಬಾಯಿಗೆ ಬಾಯಿ ಹತ್ತಿತು. ಗಣಪತಿ ಮಾಡಂದ್ರ ಅವರಪ್ಪನ್ನ ಮಾಡಿ ಇಟ್ಟಿದ್ದೆ. ಸಾಹೇಬರು ಕಾಗದ ಮಡಚಿ ಜೀಪಿನ ಕಡೆ ನೋಡಿದ್ರು. ನನಗ ನಾಚಿಕಿಲೆ ನೆಲ ಬಾಯಿ ತೆರೀಬಾರದೇ ಅನಸ್ತು.

ಆಗ ಸೀತಾಫಲ ಮಾರೋ ಮುದುಕಿ ಒಬ್ಬಾಕಿ ಎದ್ದಳು. ಕೈ ಎತ್ತಲಿಲ್ಲ, ದನಿನೂ ಏರಿಸಲಿಲ್ಲ.

"ಯಪ್ಪಾ, ಪಾಲು ಬಂದ್ರ ಇವ್ರು ಕಡಕೊಂಡ ಹೋಗ್ತಾರ. ನನಗ ಪಾಲು ಬ್ಯಾಡ. ನನ್ನ ಕೇಳದ ಬೇಲಿ ಹಾಕಬ್ಯಾಡ್ರಿ, ಅಷ್ಟ."

ಗದ್ದಲ ತಾನೇ ಇಳೀತು. ನೂರಾರು ಪುಟದಾಗ ಆ ದೇಶಗಳು ಹೇಳಿದ್ದನ್ನ ಆಕಿ ಒಂದು ಉಸರಿನಾಗ ಹೇಳಿದ್ದಳು. ನಾನು ಎಲ್ಲಾರ ಮುಂದ ತಪ್ಪು ಒಪ್ಪಿಕೊಂಡೆ. ಪಾಲುದಾರರು ಅನ್ನೋದನ್ನ ಹೊಡದು ಹಾಕಿ, 'ಕೇಳಿಯೇ ಮಾಡಬೇಕಾದವರು' ಅಂತ ಪೆನ್ನಿಲೆ ಬರದು ಮತ್ತೊಮ್ಮೆ ಓದಿದೆ. ಪದ ಉದ್ದ ಆತು, ಆಗಲಿ. ಈ ಸಲ ಯಾರೂ ಜಗಳ ತೆಗೀಲಿಲ್ಲ.

ಸಾಹೇಬರು ನಕಾಶೆ ನೆಲದಮ್ಯಾಲೆ ಹಾಸಿ, ಅವ್ವಾ, ದಾರಿ ಎಲ್ಲಿ ಬಿಡಬೇಕು ಅಂತ ಕೇಳಿದ್ರು. ಆಕಿ ಬಗ್ಗಿ ನೋಡಿದಳು. ಆ ಕಾಗದದಾಗ ಆಕಿಗೆ ಗುಡ್ಡ ಕಾಣಲಿಲ್ಲ.

"ಇದರಾಗ ನನಗ ತಿಳಿಯಂಗಿಲ್ಲ. ಬರ್ರಿ, ನಡದು ತೋರಸ್ತೀನಿ."

ಸೆರಗು ಸೊಂಟಕ್ಕ ಸಿಕ್ಕಿಸಿ ಹೊಂಟೇಬಿಟ್ಟಳು. ಸಾಹೇಬರು ಪೆನ್ಸಿಲ್ ಹಿಡಕೊಂಡು ಆಕಿ ಹಿಂದ ಹೊಂಟರು.